ಇಪ್ಪತ್ತೊಂದನೇ ಸಾಲಿನ ಪಕ್ಕದ ಸೀಟು

ಟೊಲೀಡೊ, ಒಹಾಯೊ
ಏಪ್ರಿಲ್ 8, 1979

ಪಿರಿ,

ಕ್ರಿಸ್‌ಮಸ್ ಕಾರ್ಡಿನ ಲಕೋಟೆಯ ಹಿಂದೆ ಇದ್ದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಕಾರ್ಡಿನ ಒಳಗೆ ನಿನ್ನ ಹೆಸರು ಬಿಟ್ಟರೆ ಒಂದಕ್ಷರವೂ ಇರಲಿಲ್ಲ. ಇರಲಿ, ಚಿತ್ರ ಚೆನ್ನಾಗಿತ್ತು.

ವಿಷಯ ಇಷ್ಟೆ. ಸ್ಟೇಡಿಯಂನವರಿಂದ ಸೀಸನ್ ಟಿಕೆಟಿನ ಕಾಗದ ಬಂದಿದೆ. ಎಂದಿನಂತೆ ಇಪ್ಪತ್ತೊಂದನೇ ಸಾಲಿನಲ್ಲಿ ಎರಡು ಸೀಟು, ಒಂದು ನನ್ನದು, ಪಕ್ಕದ್ದು ನಿನ್ನದು. ಎರಡೂ ಬೇಕೋ ಒಂದೇ ಸಾಕೋ ಎಂದು ಈ ತಿಂಗಳ ಕೊನೆಯೊಳಗೆ ತಿಳಿಸಬೇಕು. ಒಮ್ಮೆ ಬಿಟ್ಟರೆ ಮುಗಿಯಿತು, ಕಾಯುವವರ ಸಾಲು ನದಿಯ ಆಚೆ ದಡದವರೆಗೂ ಇದೆ. ಹಿಂದಿನ ಸಾಲಿನ ವಿಲ್ಮಾ ಪಾಸ್ತೋರ್, ನಿನ್ನ ಸೀಟನ್ನು ತನ್ನ ಅಳಿಯನಿಗೆ ಕೊಡಿಸು ಎಂದು ಚರ್ಚಿನಲ್ಲಿ, ಮಾಂಸದಂಗಡಿಯಲ್ಲಿ, ಕೊನೆಗೆ ಯಾರದೋ ಶವಸಂಸ್ಕಾರದಲ್ಲೂ ನನ್ನ ಬೆನ್ನು ಬಿಡಲಿಲ್ಲ. ಆ ಅಳಿಯ ಪಂದ್ಯದ ನಡುವೆ ಗೊರಕೆ ಹೊಡೆಯುವ ಆಸಾಮಿ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನಿನ್ನ ಅಮ್ಮ ತೀರಿಕೊಂಡ ಮೇಲೆ ಆ ಸೀಟು ನಿನ್ನದು, ನಿನ್ನನ್ನು ಕೇಳದೆ ಕೊಡುವುದು ಸರಿಯಲ್ಲ.

ಹೋದ ವರ್ಷ ನಮ್ಮ ಫುಟ್‌ಬಾಲ್ ತಂಡ ಗ್ಲಾಸ್‌ಮೆನ್ ಸೋತು ಸುಣ್ಣವಾದದ್ದು ಅಲ್ಲಿಗೂ ಗೊತ್ತಾಗಿರಬೇಕು. ಅದರಿಂದ ಒಂದು ಲಾಭ. ಬರುವ ತಿಂಗಳ ಡ್ರಾಫ್ಟಿನಲ್ಲಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಸರದಿ ನಮಗೆ ನಾಲ್ಕನೆಯದು. ಹೆಚ್ಚು ಸೋತವರಿಗೆ ಮೊದಲು ಆರಿಸುವ ಹಕ್ಕು. ಈ ದೇಶದಲ್ಲಿ ಸೋತವನಿಗೆ ಮರ್ಯಾದೆ ಸಿಗುವುದು ಅದೊಂದೇ ಕಡೆ. ನಮಗೆ ಬೇಕಾಗಿರುವುದು ಮುಂದಿನ ಸಾಲಿನಲ್ಲಿ ಗೋಡೆಯಂತೆ ನಿಂತು, ನಮ್ಮ ಚೆಂಡೆಸೆಯುವವನ ಮೇಲೆ ಯಾರೂ ಬೀಳದಂತೆ ತಡೆಯುವ ಒಬ್ಬ ದಾಂಡಿಗ. ನೆಬ್ರಾಸ್ಕದಲ್ಲಿ ಅಂಥವನೊಬ್ಬ ಇದ್ದಾನೆ, ಬಾಗಿಲಲ್ಲಿ ಅಡ್ಡಡ್ಡ ಹೋಗಬೇಕಂತೆ. ಅವನನ್ನು ಬಿಟ್ಟರೆ ನಾನು ಈ ತಂಡವನ್ನೇ ಬಿಡುತ್ತೇನೆ.

ಸೀಟಿನ ವಿಷಯ ಬೇಗ ತಿಳಿಸು.

ನಿನ್ನ ತಂದೆ,
ಕಾಲ್ಮಾನ್ ಬೋದ್ನಾರ್

*

ಹ್ಯಾರೋ, ಇಂಡಿಯಾನಾ
ಏಪ್ರಿಲ್ 17, 1979

ಅಪ್ಪಾ,

ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೀಯ. ನನಗೆ ಬೇರೆ ಅಪ್ಪಂದಿರಿಲ್ಲ, ಗೊಂದಲವಾಗುತ್ತಿರಲಿಲ್ಲ.

ಎರಡು ವರ್ಷಕ್ಕಿಂತ ಮೇಲಾದ ಮೇಲೆ ನಿನ್ನ ಮೊದಲ ಕಾಗದ, ಅದರಲ್ಲಿ ನೆಬ್ರಾಸ್ಕದ ದಾಂಡಿಗನಿಗೆ ಸಿಕ್ಕಷ್ಟು ಜಾಗ ನನಗೆ ಸಿಗಲಿಲ್ಲ. ನೀನು ಬರೆಯದೆ ಬಿಟ್ಟದ್ದನ್ನು ನಾನೇ ಬರೆಯುತ್ತೇನೆ. ಈರಿ ತಂಡದ ಮೇಲಿನ ಆ ಡಿಸೆಂಬರಿನ ಪಂದ್ಯ. ಆಸ್ಪತ್ರೆಯ ಡ್ಯೂಟಿ ಮುಗಿಸಿ, ನರ್ಸಿನ ಬಿಳಿ ಬೂಟಿನಲ್ಲೇ ಓಡಿ ಬಂದೆ. ಕೊನೆಯ ಗಳಿಗೆ. ನಾನು ಮೆಟ್ಟಿಲಿಳಿಯುತ್ತಿದ್ದೆ, ನಮ್ಮ ಕಿಕ್ಕರ್ ಲಾಟ್ಸಿ ಗೊಂಬೋಶ್ ಒದ್ದ, ಎರಡು ಕಂಬಗಳ ನಡುವೆ ಹೋಗಬೇಕಿದ್ದ ಚೆಂಡು ಎಡಗಂಬಕ್ಕೆ ಬಡಿದು ಹೊರಗೆ ಬಿತ್ತು. ಸೋತೆವು. ನೀನು ಎದ್ದು ನಿಂತು ಲಾಟ್ಸಿಯ ಕಡೆಗೆ ನೋಡಲಿಲ್ಲ, ನನ್ನ ಕಡೆಗೆ ತಿರುಗಿದೆ. "ಬಂದ್ಯಾ ಮಹಾತಾಯಿ! ನೀನು ಕಾಲಿಟ್ಟೆ, ಚೆಂಡು ಕಂಬಕ್ಕೆ ಬಡೀತು. ನಿನ್ನ ಕಾಲ್ಗುಣಕ್ಕೆ ಬೆಂಕಿ ಹಾಕ!" ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದೆ. ಅದನ್ನೂ ನುಂಗಿಕೊಂಡು ಕೂರಲು ಬಂದರೆ, ನಿನ್ನ ಕೋಟು ಬಿಚ್ಚಿ ನನ್ನ ಸೀಟಿನ ಮೇಲೆ ಹರಡಿದೆ. ಮಾತಾದರೆ ಸಿಟ್ಟಿನಲ್ಲಿ ಬಂತು ಅನ್ನಬಹುದು. ಕೋಟು ಬಿಚ್ಚಲು ನಾಲ್ಕು ಗುಂಡಿ ತೆಗೆಯಬೇಕು, ಅಪ್ಪಾ.

ಆಮೇಲೆ ಟೊಲೀಡೊದ ನಮ್ಮ ಹಂಗೇರಿಯನ್ನರ ಬರ್ಮಿಂಗ್‌ಹ್ಯಾಮ್ ಓಣಿಯಲ್ಲಿ ನನ್ನನ್ನು ಕಂಡರೆ ರಸ್ತೆ ದಾಟಿ ಹೋಗುವವರಿದ್ದರು. ಬ್ರೆಡ್ಡು ತರಲು ಹೋದರೆ, "ಭಾನುವಾರದ ಪಂದ್ಯಕ್ಕೆ ಊರಲ್ಲಿ ಇರ್ತೀಯೇನಮ್ಮಾ?" ಎಂದು ಕೇಳುವವರು. ಅದಕ್ಕೇ ಇಲ್ಲಿಗೆ ಬಂದೆ.

ಆ ಸೀಟನ್ನು ವಿಲ್ಮಾಳ ಅಳಿಯನಿಗೆ ಕೊಡು. ಚೆನ್ನಾಗಿ ನಿದ್ದೆ ಮಾಡಲಿ.

ನಿಮಗೆ ಬೇಕಾಗಿರುವುದು ದಾಂಡಿಗ ಅಲ್ಲ, ಕಿಕ್ಕರ್. ಹೋದ ವರ್ಷ ಎಷ್ಟು ಪಂದ್ಯ ಒಂದೆರಡು ಅಂಕದಲ್ಲಿ ಸೋತಿರಿ ಎಂದು ಕೂತು ಯೋಚಿಸು. ಲಾಟ್ಸಿಯ ಕಾಲು ಮುಗಿದಿದೆ. ನಿಮ್ಮ ಓಣಿಯಲ್ಲಿ ಅದನ್ನು ಹೇಳುವ ಧೈರ್ಯ ಯಾರಿಗೂ ಇಲ್ಲ. ನಾನು ಕೆಲಸ ಮಾಡುವ ಈ ಕಾಲೇಜಿನಲ್ಲಿ ಓರಿನ್ ಟಿಬ್ಸ್ ಎಂಬ ಹುಡುಗನಿದ್ದಾನೆ. ಬಲಗಾಲಿನ ಬೂಟು ಕಳಚಿ, ಬರಿಗಾಲಲ್ಲೇ ಒದೆಯುತ್ತಾನೆ, ಹಿಮ ಬಿದ್ದಿದ್ದರೂ ಅಷ್ಟೆ. ಪಂದ್ಯ ಮುಗಿದ ಮೇಲೆ ಆ ಕಾಲನ್ನು ಬೆಚ್ಚಗಿನ ನೀರಿನಲ್ಲಿಟ್ಟು ಸರಿ ಮಾಡುವುದು ನನ್ನ ಕೆಲಸ. ಬೆರಳುಗಳು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿರುತ್ತವೆ, ಆದರೆ ಚೆಂಡು ಮಾತ್ರ ಎರಡು ಕಂಬಗಳ ನಟ್ಟನಡುವೆ ಹೋಗಿರುತ್ತದೆ.

ಇದನ್ನು ಯಾಕೆ ಬರೆದೆನೋ ನನಗೇ ಗೊತ್ತಿಲ್ಲ. ಅಭ್ಯಾಸ.

ಪಿರೋಷ್ಕಾ

*

ಟೊಲೀಡೊ
ಮೇ 6, 1979

ಪಿರಿ,

ನಿನ್ನ ಕಾಗದ ಬರುವ ಮೊದಲೇ ಎರಡು ಸೀಟಿನ ಕಾಗದವನ್ನು ಅಂಚೆಗೆ ಹಾಕಿಬಿಟ್ಟಿದ್ದೆ. ಇನ್ನು ಬದಲಾಯಿಸಲು ಓಡಾಡಬೇಕು, ನನ್ನ ಮಂಡಿ ನೋವು ನಿನಗೆ ಗೊತ್ತು.

ಡ್ರಾಫ್ಟಿನ ಕಥೆ ಕೇಳು. ಗುರುವಾರ ಬೆಳಗಿನಿಂದ ಹಂಗೇರಿಯನ್ ಕ್ಲಬ್ಬಿನಲ್ಲಿ ರೇಡಿಯೋ ಮುಂದೆ ಕೂತಿದ್ದೆವು. ಗೋಡೆಗೆ ಕಪ್ಪು ಹಲಗೆ, ವಿಲ್ಮಾಳ ಕೈಯಲ್ಲಿ ಸೀಮೆಸುಣ್ಣ. ನಮ್ಮ ಸರದಿ ಬಂತು. ನೆಬ್ರಾಸ್ಕದ ನನ್ನ ದಾಂಡಿಗ ಇನ್ನೂ ಉಳಿದಿದ್ದ, ಯಾರೂ ಮುಟ್ಟಿರಲಿಲ್ಲ! ನಮ್ಮ ಮ್ಯಾನೇಜರ್ ಮಹಾಶಯ ಆರಿಸಿದ್ದು ಟೆಕ್ಸಸ್‌ನ ಒಬ್ಬ ಓಟಗಾರನನ್ನು. ಓಟಗಾರರು ನಮ್ಮಲ್ಲಿ ಆಗಲೇ ಮೂವರಿದ್ದಾರೆ. ಮನೆಗೆ ಸೂರು ಸೋರುತ್ತಿದ್ದರೆ ಇವನು ಪರದೆ ಕೊಂಡು ತಂದ. ವಿಲ್ಮಾ ಸೀಮೆಸುಣ್ಣವನ್ನು ರೇಡಿಯೋಗೆ ಎಸೆದಳು. ಪಾದ್ರಿಗಳು ಎದ್ದು ಮನೆಗೆ ಹೋದರು, ಅವರೆದುರು ಆಡಬಾರದ ಮಾತುಗಳನ್ನು ನಾವು ಆಡುತ್ತಿದ್ದೆವು.

ಎರಡನೆಯ ದಿನ ಸಂಜೆಗೆ ಹನ್ನೆರಡನೆಯ ಸುತ್ತು, ಕೊನೆಯದು. ಅಷ್ಟು ಹೊತ್ತಿಗೆ ಉಳಿದವರು ಮನೆಯಲ್ಲಿ ಯಾರಿಗೂ ಬೇಡವಾದ ನಾವು ಏಳೆಂಟು ಮಂದಿ. ನಾನು ಗಸಗಸೆ ರೋಲಿನ ಕೊನೆಯ ತುಂಡು ಬಾಯಿಗೆ ಹಾಕಿಕೊಂಡಿದ್ದೆ. ರೇಡಿಯೋದವನು, ಟೊಲೀಡೊ, ಹ್ಯಾರೋ ಕಾಲೇಜು, ಕಿಕ್ಕರ್ ಓರಿನ್ ಟಿಬ್ಸ್ ಅಂದ.

ಗಸಗಸೆ ಮೂಗಿಗೆ ಹತ್ತಿತು. ಇಬ್ಬರು ಬೆನ್ನಿಗೆ ಗುದ್ದಬೇಕಾಯಿತು.

"ಯಾರ್ರೀ ಇವ್ನು? ಹ್ಯಾರೋ ಅಂತ ಒಂದು ಊರಿದ್ಯಾ?" ಎಂದು ವಿಲ್ಮಾ ಕೇಳಿದಳು.

ನಾನು ಕೆಮ್ಮುತ್ತಲೇ, "ಬರಿಗಾಲಲ್ಲಿ ಒದೀತಾನೆ. ಹಿಮದಲ್ಲೂ" ಅಂದೆ.

"ನಿಂಗೆ ಹೆಂಗೆ ಗೊತ್ತು?"

"ನನ್ ಮಗಳು ಬರ್ದಿದ್ಲು."

ನನ್ನ ಮಗಳು ಅನ್ನುವ ಶಬ್ದ ಕ್ಲಬ್ಬಿನಲ್ಲಿ ಕೇಳಿ ಬಹಳ ದಿನವಾಗಿತ್ತು. ವಿಲ್ಮಾ ಹಲಗೆಯ ತುದಿಯಲ್ಲಿ ಹೆಸರು ಬರೆದಳು, ಅಕ್ಷರ ತಪ್ಪಾಗಿ.

ಹೆಮ್ಮೆಯಾಯಿತು, ಯಾಕೆ ಮುಚ್ಚಿಡಲಿ. ನಲವತ್ತು ವರ್ಷದ ಅನುಭವದವರು ಹೇಳಿದ ದಾಂಡಿಗ ಬರಲಿಲ್ಲ, ನೀನು ಹೇಳಿದ ಬರಿಗಾಲಿನವನು ಬಂದ. ಆದರೆ ಕಿಕ್ಕರ್‌ನ ಜಾಗ ತಂಡದಲ್ಲಿ ಒಂದೇ. ಆ ಜಾಗದಲ್ಲಿ ನಮ್ಮ ಲಾಟ್ಸಿ ಇದ್ದಾನೆ.

ಆ ಹುಡುಗನ ಕಾಲಿಗೆ ಏನು ಹಚ್ಚುತ್ತೀಯ? ಇಲ್ಲಿ ನದಿಯ ಗಾಳಿ ನಿಮ್ಮ ಕಡೆಯಂತಲ್ಲ.

ಅಪ್ಪ

*

ಹ್ಯಾರೋ
ಮೇ 20, 1979

ಅಪ್ಪಾ,

ಕಾಲಿಗೆ ಏನೂ ಹಚ್ಚುವುದಿಲ್ಲ. ಒದೆಯುವ ಮುಂಚೆ ಒಣಗಿದ ಟವೆಲಿನಲ್ಲಿ ಒರೆಸಿಕೊಳ್ಳಬೇಕು, ಅಷ್ಟೆ. ಒದ್ದೆ ಕಾಲು ಜಾರುತ್ತದೆ. ಸಾವಿರ ಸಲ ಹೇಳಿದ್ದೇನೆ, ಅರ್ಧ ಸಲ ಮರೆಯುತ್ತಾನೆ.

ಸುದ್ದಿ ಕೇಳಿದ ದಿನ ನನ್ನ ಕೋಣೆಗೆ ಓಡಿ ಬಂದಿದ್ದ. "ಸಿಸ್ಟರ್, ಟೊಲೀಡೊ ಹೆಂಗಿರುತ್ತೆ?" ಎಂದು ಕೇಳಿದ. "ಚೆನ್ನಾಗಿರುತ್ತೆ. ಹೊಟ್ಟೆ ಬಿರಿಯೋಷ್ಟು ಬಡಿಸ್ತಾರೆ. ನೀನು ಗುರಿ ತಪ್ಪಿದ್ರೂ ಹೆದರ್ಬೇಡ, ಆ ಹೊತ್ತಿಗೆ ಯಾರು ತಡವಾಗಿ ಬಂದ್ರು ಅಂತ ಹುಡುಕ್ತಾರೆ" ಎಂದೆ. ತಮಾಷೆ ಅಂದುಕೊಂಡು ನಕ್ಕ.

ಸೀಟು ಉಳಿಸಿಕೊಂಡದ್ದು ಮಂಡಿ ನೋವಿನಿಂದ ಎಂದು ನಂಬಿದ್ದೇನೆ.

ಪಿರಿ

*

ಟೊಲೀಡೊ
ಆಗಸ್ಟ್ 29, 1979

ಪಿರಿ,

ಲಾಟ್ಸಿಯನ್ನು ತೆಗೆದುಹಾಕಿದರು.

ಸೋಮವಾರ ತಂಡದ ಪಟ್ಟಿಯನ್ನು ಕತ್ತರಿಸಿದಾಗ ಅವನ ಹೆಸರೂ ಹೋಯಿತು. ಹನ್ನೊಂದು ವರ್ಷ ಆಡಿದವನಿಗೆ ಕೋಚ್ ಕೈ ಕುಲುಕಿದನಂತೆ, ಲಾಕರ್ ಖಾಲಿ ಮಾಡಲು ಒಂದು ರಟ್ಟಿನ ಡಬ್ಬಿ ಕೊಟ್ಟರಂತೆ. ಇಲ್ಲಿ ಸೂತಕ. ಮಾಂಸದಂಗಡಿಯವನು ಸಾಸೇಜಿನ ಮಾಲೆಗಳಿಗೆ ಕಪ್ಪು ರಿಬ್ಬನ್ ಕಟ್ಟಿದ್ದಾನೆ. ಹಂಗೇರಿಯಲ್ಲಿ ರಷ್ಯನ್ನರ ಟ್ಯಾಂಕು ತಪ್ಪಿಸಿಕೊಂಡು ಗಡಿ ದಾಟಿ ಬಂದ ಹುಡುಗ, ನಮ್ಮ ಓಣಿಯಲ್ಲಿ ಗೋಡೆಗೆ ಚೆಂಡು ಒದ್ದು ಬೆಳೆದವನು, ನಮ್ಮ ಭಾಷೆಯಲ್ಲೇ ರೆಫರಿಗೆ ಬೈದವನು. ಅಂಥವನನ್ನು ತೆಗೆದು ಬೂಟು ಹಾಕಲು ಬಾರದವನನ್ನು ಇಟ್ಟುಕೊಂಡರು ಎಂದು ಜನ ಕುದಿಯುತ್ತಿದ್ದಾರೆ. ಅಭ್ಯಾಸ ಪಂದ್ಯದಲ್ಲಿ ನಿನ್ನ ಟಿಬ್ಸ್ ಮೈದಾನಕ್ಕೆ ಇಳಿದಾಗ ಕೂಗಿ ಹೀಯಾಳಿಸಿದರು. ನಾನು ಕೂಗಲಿಲ್ಲ. ಚಪ್ಪಾಳೆಯನ್ನೂ ತಟ್ಟಲಿಲ್ಲ.

ಇಲ್ಲಿಯ ರೂಢಿ ನಿನಗೆ ಗೊತ್ತು. ಆಟಗಾರ ತಂಡ ಬಿಟ್ಟರೆ ನಮ್ಮ ಅಂಗಿಯ ಬೆನ್ನಿನ ಮೇಲಿನ ಅವನ ಹೆಸರಿಗೆ ಟೇಪು ಅಂಟಿಸಿ, ಹೊಸಬನ ಹೆಸರು ಬರೆಯುವುದು. ನಿನ್ನೆ ಮಧ್ಯಾಹ್ನ ಜಗುಲಿಯಲ್ಲಿ ಆ ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಕೈಯಲ್ಲಿ ಟೇಪು ಹಿಡಿದು ಕೂತಿದ್ದೆ. ಆಗ ಲಾಟ್ಸಿಯೇ ಬಂದ. ಪ್ಲಮ್ ಬ್ರಾಂದಿಯ ಶೀಷೆ ತಂದಿದ್ದ. ಅರಿಜೋನಾದಲ್ಲಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ, ಹೇಳಿ ಹೋಗಲು ಬಂದೆ ಅಂದ.

"ಅಂಟ್ಸು, ಅಂಟ್ಸು. ನಾಚ್ಕೋಬೇಡ. ನನ್ನ ಕಾಲು ಹೋಗಿ ಎರಡು ವರ್ಷ ಆಯ್ತು. ನಂಗೊತ್ತಿತ್ತು."

ನಾನು ಏನೋ ಸಮಾಧಾನ ಹೇಳಲು ಹೋದೆ. ಅವನು ಬಿಡಲಿಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಕಾಲ್ಮಾನ್, ಈರಿ ಮೇಲಿನ ಆ ಕಿಕ್. ಚೆಂಡು ಕಾಲಿಗೆ ತಾಗೋಕೆ ಮುಂಚೇನೇ ನಾನು ತಲೆ ಎತ್ತಿ ಕಂಬ ನೋಡ್ಬಿಟ್ಟೆ. ಚಿಕ್ ಮಕ್ಳು ಮಾಡೋ ತಪ್ಪು. ನಿನ್ ಮಗಳು ಮೆಟ್ಟಿಲ ಮೇಲಿದ್ಲೋ ಚಂದ್ರನ ಮೇಲಿದ್ಲೋ, ನಂಗೇನ್ ಗೊತ್ತು? ಮಾರನೇ ದಿನದಿಂದ ಕಾದೆ, ಯಾರಾದ್ರೂ ಬಂದು ನಂಗೆ ಬೈತಾರೆ ಅಂತ. ಒಬ್ರೂ ಬೈಲಿಲ್ಲ. ಊಟಕ್ಕೆ ಕರೆದ್ರಿ, ಬೆನ್ ತಟ್ಟಿದ್ರಿ. ಬೈಗುಳನೆಲ್ಲ ಆ ಹುಡುಗಿಗೆ ಕೊಟ್ರಿ. ನಾನು ನಿಮ್ಮವನು ಅಂತ ನಂಗೆ ಬೈಯೋಕೆ ನಿಮ್ಗೆ ಬಾಯಿ ಬರ್ಲಿಲ್ಲ. ಅವಳು ನಿಮ್ಮವಳಲ್ವೇನೋ?"

ಶೀಷೆಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದ. ಅಂಗಿಗೆ ಟೇಪು ಅಂಟಿಸಲಿಲ್ಲ. ಶೀಷೆಯನ್ನೂ ತೆರೆದಿಲ್ಲ.

ಇನ್ನೂ ಬರೆಯುವುದಿತ್ತು. ಒಲೆಯ ಮೇಲೆ ಕೋಳಿ ಇಟ್ಟಿದ್ದೇನೆ, ಸೀಯುವ ವಾಸನೆ ಬರುತ್ತಿದೆ.

ಅಪ್ಪ

*

ಹ್ಯಾರೋ
ಅಕ್ಟೋಬರ್ 14, 1979

ಅಪ್ಪಾ,

ನಿನ್ನ ಆಗಸ್ಟಿನ ಕಾಗದಕ್ಕೆ ಮೂರು ಸಲ ಉತ್ತರ ಬರೆದೆ, ಮೂರನ್ನೂ ಹರಿದೆ. ಇದು ಚಿಕ್ಕದು, ಇದನ್ನಾದರೂ ಕಳಿಸುತ್ತೇನೆ.

ಲಾಟ್ಸಿಗೆ ನಾನು ಯಾವತ್ತೂ ಬೈದವಳಲ್ಲ. ಅವನ ಹೆಸರಿನ ಅಂಗಿ ನನ್ನ ಬಳಿಯೂ ಇದೆ.

ಇಲ್ಲಿಯ ರೇಡಿಯೋದಲ್ಲಿ ನಿಮ್ಮ ಪಂದ್ಯ ಗಾಳಿ ಚೆನ್ನಾಗಿದ್ದರೆ ಮಾತ್ರ ಸಿಗುತ್ತದೆ. ಹೋದ ವಾರ ಕಾರಿನಲ್ಲಿ ಗುಡ್ಡದ ಮೇಲೆ ಹೋಗಿ ಕೇಳಿದೆ. ಓರಿನ್ ನಾಲ್ಕು ಸಲ ಒದ್ದ, ನಾಲ್ಕೂ ಒಳಗೆ. ನಾಲ್ಕನೆಯದಕ್ಕೆ ಜನ ಕೂಗಿದ್ದು ಹೀಯಾಳಿಸಲು ಅಲ್ಲ ಅನ್ನಿಸಿತು.

ಒಂದು ಪ್ರಶ್ನೆ. ಈಗ ನನ್ನ ಸೀಟಿನಲ್ಲಿ ಯಾರು ಕೂರುತ್ತಾರೆ?

ಪಿರಿ

*

ಟೊಲೀಡೊ
ನವೆಂಬರ್ 25, 1979

ಪಿರಿ,

ಕೋಟು. ಆವತ್ತಿನಿಂದ ಇವತ್ತಿನವರೆಗೂ ನನ್ನ ಕೋಟೇ ಕೂರುತ್ತದೆ. ಮೊದಲ ವರ್ಷ ಸಿಟ್ಟಿಗೆ ಇಟ್ಟೆ. ಆಮೇಲೆ ಬೇರೆ ಯಾರೂ ಕೂರಬಾರದು ಎಂದು ಇಟ್ಟೆ. ಎಷ್ಟೇ ಚಳಿಯಿದ್ದರೂ ಹಾಕಿಕೊಂಡಿಲ್ಲ. "ಸೀಟನ್ನ ಬೆಚ್ಚಗಿಟ್ಟು ನೀನು ನ್ಯುಮೋನಿಯಾ ಬಂದು ಸಾಯ್ತೀಯ" ಎಂದು ವಿಲ್ಮಾ ಬೈಯುತ್ತಾಳೆ.

ಇಲ್ಲಿ ಹುಚ್ಚು ಹಿಡಿದಿದೆ. ಒಂಬತ್ತು ಪಂದ್ಯ ಗೆದ್ದಿದ್ದೇವೆ! ಟೆಕ್ಸಸ್‌ನ ಓಟಗಾರ ನಿಜವಾಗಿಯೂ ಓಡುತ್ತಾನೆ, ಪರದೆ ಅಂದವನು ನಾನೇ, ಮಾತು ವಾಪಸ್ ತೆಗೆದುಕೊಂಡಿದ್ದೇನೆ. ನಿನ್ನ ಟಿಬ್ಸ್‌ನನ್ನು ಈಗ ಮನೆಮನೆಗೆ ಊಟಕ್ಕೆ ಕರೆಯುತ್ತಿದ್ದಾರೆ. ನಮ್ಮಲ್ಲಿಗೂ ಬಂದಿದ್ದ. ಪಾಪ್ರಿಕಾ ಕೋಳಿ ಮೂರು ಸಲ ಬಡಿಸಿಕೊಂಡ. ಗೋಡೆಯ ಮೇಲಿದ್ದ ನಿನ್ನ ಫೋಟೋ ನೋಡಿ, "ಅರೆ, ಸಿಸ್ಟರ್!" ಎಂದು ಎದ್ದು ನಿಂತ. ಎಷ್ಟು ಚೆನ್ನಾಗಿ ಬೈಯುತ್ತೀಯ ಎಂದು ಅರ್ಧ ಗಂಟೆ ಹೇಳಿದ. ಕೇಳಿಸಿಕೊಂಡು ಕೂತೆ.

ಡಿಸೆಂಬರ್ 16ಕ್ಕೆ ಕೊನೆಯ ಪಂದ್ಯ, ಇಲ್ಲೇ, ಈರಿಯ ಮೇಲೆ. ಗೆದ್ದವರು ಮುಂದಿನ ಹಂತದ ಪ್ಲೇಆಫ್‌ಗೆ, ಸೋತವರು ಮನೆಗೆ. ಟಿಕೆಟ್ ಈ ಲಕೋಟೆಯಲ್ಲಿದೆ.

ಇನ್ನೊಂದು ಮಾತು ನನ್ನ ಬಾಯಿಂದಲೇ ನಿನಗೆ ಗೊತ್ತಾಗಲಿ. ನಿನ್ನೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಸಾಸೇಜ್ ತುಂಬುತ್ತಿದ್ದೆವು. ನಿನಗೆ ಟಿಕೆಟ್ ಕಳಿಸುತ್ತೇನೆ ಅಂದೆ. ವಿಲ್ಮಾಳ ಕೈಯಲ್ಲಿದ್ದ ಕರುಳು ಜಾರಿ ಬಿತ್ತು.

"ಬೇರೆ ಯಾವ ಪಂದ್ಯಕ್ಕಾದ್ರೂ ಕರ್ಸಪ್ಪಾ, ಇದೊಂದಕ್ಕೆ ಬೇಡ. ಅದೇ ಈರಿ, ಅದೇ ಡಿಸೆಂಬರ್. ಬೇಕಿದ್ರೆ ನಾವೇ ಚಂದಾ ಎತ್ತಿ ಅವಳನ್ನ ಫ್ಲಾರಿಡಾಕ್ಕೆ ಕಳಿಸ್ತೀವಿ."

ಎಲ್ಲರೂ ತಲೆಯಾಡಿಸಿದರು. ಎರಡು ವರ್ಷದ ಹಿಂದೆ ನಾನೂ ಆಡಿಸುತ್ತಿದ್ದೆ. "ಅವಳ ಸೀಟು, ಅವಳ ಟಿಕೆಟ್ಟು. ಯಾರಿಗೆ ಭಯವೋ ಅವರು ಫ್ಲಾರಿಡಾಕ್ಕೆ ಹೋಗಿ" ಎಂದೆ. ಆಮೇಲೆ ಒಬ್ಬನೇ ಮೂಲೆಯಲ್ಲಿ ಸಾಸೇಜ್ ತುಂಬಿದೆ.

ಬರಲೇಬೇಕು ಅನ್ನುವುದಿಲ್ಲ. ಅನ್ನುವ ಬಾಯಿ ನನಗಿಲ್ಲ. ಬರದಿದ್ದರೆ ಟಿಕೆಟನ್ನು ಕಿಟಕಿಗೆ ಅಂಟಿಸಿಕೋ, ವಾಪಸ್ ಮಾತ್ರ ಕಳಿಸಬೇಡ.

ಅಪ್ಪ

*

ಹ್ಯಾರೋ
ಡಿಸೆಂಬರ್ 9, 1979

ಅಪ್ಪಾ,

ಶನಿವಾರ ನನಗೆ ರಾತ್ರಿಪಾಳಿ. ಭಾನುವಾರ ಬೆಳಗ್ಗೆ ಬಿಡುಗಡೆ. ಹಿಮ ಬೀಳುತ್ತದೆ ಎಂದು ರೇಡಿಯೋದವನು ಈಗಿನಿಂದಲೇ ಹೆದರಿಸುತ್ತಿದ್ದಾನೆ. ಹೊರಟರೂ ತಡವಾಗುತ್ತದೆ. ನಾನು ತಡವಾಗಿ ಬಂದರೆ ಏನಾಗುತ್ತದೆ ಎಂಬುದು ನಿಮ್ಮ ಸ್ಟ್ಯಾಂಡಿನವರಿಗೆಲ್ಲ ಗೊತ್ತು.

ಫ್ಲಾರಿಡಾದ ಪ್ರವಾಸಕ್ಕೆ ವಿಲ್ಮಾಗೆ ನನ್ನ ಧನ್ಯವಾದ ತಿಳಿಸು.

ಚಳಿಗೆ ಬೇರೆ ಕೋಟಾದರೂ ಹಾಕಿಕೊಂಡು ಹೋಗು.

ಪಿರಿ

*

ಟೊಲೀಡೊ
ಡಿಸೆಂಬರ್ 18, 1979

ಪ್ರಿಯ ಲಾಟ್ಸಿ,

ಗೆದ್ದೆವು! ಗೆದ್ದೆವು ಕಣೋ! ಪೇಪರಿನಲ್ಲಿ ನೋಡಿರುತ್ತೀಯ, ಆದರೆ ಪೇಪರಿನವರು ಮೈದಾನ ನೋಡುತ್ತಿದ್ದರು. ನಿಜವಾದ ಪಂದ್ಯ ನಡೆದದ್ದು ಇಪ್ಪತ್ತೊಂದನೇ ಸಾಲಿನಲ್ಲಿ. ಅರಿಜೋನಾದ ಬಿಸಿಲಲ್ಲಿ ಕಾಲು ಚಾಚಿ ಕೂತು ಓದು.

ಬೆಳಗಿನಿಂದ ಹಿಮ. ಸಾಲು ಮುಂಜಾನೆಯೇ ತುಂಬಿತ್ತು. ನಾನು ಹೋಗಿ ಕೂತೆ, ಪಕ್ಕದಲ್ಲಿ ಕೋಟು ಕೂತಿತು. ಈರಿಯವರು ಮೊದಲೇ ಎರಡು ಸಲ ನಮ್ಮ ಗೆರೆ ದಾಟಿ ಅಂಕ ಗಳಿಸಿದರು, ನಾವು ಒದ್ದಾಡಿ ಒದ್ದಾಡಿ ಹತ್ತಿರ ಬಂದೆವು. ನಾನು ಅರ್ಧ ಪಂದ್ಯವನ್ನು ಮೈದಾನದ ಕಡೆಗೆ ನೋಡಲೇ ಇಲ್ಲ, ಕತ್ತು ತಿರುಗಿಸಿ ಮೆಟ್ಟಿಲು ನೋಡುತ್ತಿದ್ದೆ. ವಿಲ್ಮಾ ನನ್ನ ತಲೆಯನ್ನು ಹಿಡಿದು ಮುಂದಕ್ಕೆ ತಿರುಗಿಸಿದಳು. "ಬರಲ್ಲ ಬಿಡು. ಜಾಣೆ ಅವಳು" ಅಂದಳು. ಆ ಮಾತು ಕೇಳಿ ಎದೆ ಕುಸಿಯಿತು. ಸೋಲುತ್ತಿದ್ದೇವೆ ಎಂದು ಅಲ್ಲ, ಲಾಟ್ಸಿ.

ಕೊನೆಗೆ ನಾವು ಎರಡು ಅಂಕ ಹಿಂದೆ, ಕಿಕ್ ಒಳಗೆ ಹೋದರೆ ಮೂರು. ಗಡಿಯಾರದಲ್ಲಿ ಒಂದು ಉಸಿರಿನಷ್ಟು ಹೊತ್ತು ಉಳಿದಿದೆ. ಟಿಬ್ಸ್ ಬಂದ. ಬೂಟು ಕಳಚಿದ. ಎಲ್ಲಿಂದ ಅನ್ನುತ್ತೀಯ? ನೀನು ಆವತ್ತು ಒದ್ದ ಜಾಗಕ್ಕಿಂತ ಎರಡು ಹೆಜ್ಜೆ ಹಿಂದಿನಿಂದ, ಅದೇ ಕಂಬಗಳಿಗೆ.

ಆಗ ವಿಲ್ಮಾ ಕಿರುಚಿದಳು. ಟಿಬ್ಸ್‌ನನ್ನು ನೋಡಿ ಅಲ್ಲ. ನಾನು ತಿರುಗಿದೆ. ಮೆಟ್ಟಿಲ ತುದಿಯಲ್ಲಿ ನನ್ನ ಪಿರಿ ನಿಂತಿದ್ದಳು. ತಲೆಯ ಮೇಲೆಲ್ಲ ಹಿಮ, ಕಾಲಲ್ಲಿ ಅದೇ ಬಿಳಿ ಬೂಟು.

"ಅಯ್ಯೋ, ಅಲ್ಲೇ ನಿಲ್ಲೇ! ಇಳೀಬೇಡ್ವೇ! ಒದ್ದಾದ್ಮೇಲೆ ಬಾರೇ!"

ಒಬ್ಬಳೇ ಅಲ್ಲ, ಹಿಂದಿನವರು, ಮುಂದಿನವರು, ಎಲ್ಲರೂ ಕೈ ಅಡ್ಡ ಹಿಡಿದು ಅವಳನ್ನು ತಡೆಯುತ್ತಿದ್ದಾರೆ. ಅವಳು ಕಂಬಿ ಹಿಡಿದು ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತು. ವಾಪಸ್ ತಿರುಗಲು ಒಂದು ಕಾಲು ಮೇಲಿನ ಮೆಟ್ಟಿಲಿಗೆ ಇಟ್ಟಿದ್ದನ್ನು ನಾನು ನೋಡಿದೆ.

ಈರಿಯ ಕೋಚ್‌ನ ಹೊಟ್ಟೆ ತಣ್ಣಗಿರಲಿ, ನಿನಗೆ ಮಾಡುತ್ತಿದ್ದ ಕುತಂತ್ರವನ್ನೇ ಮಾಡಿದ. ಟಿಬ್ಸ್ ಒದೆಯಬೇಕು ಅನ್ನುವಷ್ಟರಲ್ಲಿ ಆಟ ನಿಲ್ಲಿಸಿ ಅಂದ, ಹುಡುಗ ಹಿಮದಲ್ಲಿ ಬರಿಗಾಲಲ್ಲಿ ನಿಂತು ಹೆದರಲಿ ಎಂದು. ಹುಡುಗ ಆ ಕಾಲನ್ನು ಇನ್ನೊಂದು ಬೂಟಿನ ಮೇಲಿಟ್ಟು ಕೊಕ್ಕರೆಯ ಹಾಗೆ ನಿಂತ. ನನಗೆ ಅಷ್ಟು ಹೊತ್ತು ಸಾಕಿತ್ತು. ಎದ್ದೆ. ಯಾರ ಮಂಡಿ, ಯಾರ ಟೋಪಿ, ಯಾರ ಬಿಸಿ ಕಾಫಿ ತುಳಿದೆನೋ ಗೊತ್ತಿಲ್ಲ. ನನ್ನ ಮಂಡಿ ನೋವು ಎಲ್ಲಿ ಹೋಗಿತ್ತೋ ಅದೂ ಗೊತ್ತಿಲ್ಲ. ಮೆಟ್ಟಿಲು ಹತ್ತಿ ಅವಳ ಕೈ ಹಿಡಿದೆ.

"ಅಪ್ಪಾ, ಬೇಡ. ತಪ್ಪಿದ್ರೆ..." ಅಂದಳು.

"ತಪ್ಪಿದ್ರೆ ತಪ್ಲಿ. ಬಾ."

ಇಳಿಸಿಕೊಂಡು ಬಂದೆ. ಮದುವೆಯ ದಿನ ಮಗಳ ಕೈ ಹಿಡಿದು ಚರ್ಚಿನಲ್ಲಿ ನಡೆಸುತ್ತಾರಲ್ಲ, ಹಾಗೆ, ನಿಧಾನವಾಗಿ, ಎಲ್ಲರೂ ನೋಡಲಿ ಎಂದು. ನಮ್ಮ ಸಾಲಿಗೆ ಬಂದ ಮೇಲೆ ತಿರುಗಿ ನಿಂತೆ. ಆವತ್ತು ಎಷ್ಟು ಜೋರಾಗಿ ಕೂಗಿದ್ದೆನೋ ಅಷ್ಟೇ ಜೋರಾಗಿ ಕೂಗಿದೆ:

"ಕೇಳಿಸ್ಕೊಳ್ಳಿ ಎಲ್ರೂ! ಆ ಚೆಂಡು ಹೊರಗೆ ಬಿದ್ರೆ ಆ ಹುಡುಗನ ಕಾಲಿಗೆ ಬೈರಿ. ಸಾಲ್ದು ಅಂದ್ರೆ ನನಗೆ ಬೈರಿ, ಮನೆಗೆ ಬಂದು ಬೈರಿ. ಇವಳು ನನ್ ಮಗಳು, ಇದು ಇವಳ ಜಾಗ. ಇವಳ ಬಗ್ಗೆ ಯಾರಾದ್ರೂ ಪಿಟಕ್ ಅಂದ್ರೆ ನೋಡಿ!"

ಸೀಟಿನ ಮೇಲಿಂದ ಕೋಟು ಎತ್ತಿದೆ. ಅದರ ಕೆಳಗಿನ ಮರ ಒಣಗಿ ಬೆಚ್ಚಗಿತ್ತು. ಕೂತಳು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಕೋಟನ್ನು ಅವಳ ಹೆಗಲಿಗೆ ಹೊದಿಸಿದೆ. ಆಗ ನೋಡಿದೆ, ಒಳಗೆ ಹಾಕಿದ್ದು ನಿನ್ನ ಹೆಸರಿನ ಅಂಗಿ. ಟೇಪು ಇಲ್ಲ.

ನಾನು ಏನಾದರೂ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ನೆಗೆದು ಸೀಟಿನ ಮೇಲೆ ನಿಂತಳು. "ಲೋ ಓರಿನ್! ಕಾಲು ಒರೆಸ್ಕೊಳ್ಳೋ!" ಎಂದು ಕಿರುಚಿದಳು. ಅಷ್ಟು ದೂರಕ್ಕೆ ಹೇಗೆ ಕೇಳಬೇಕು? ನಾನೂ ಕೂಗಿದೆ. ಯಾರದೋ ಟಿಕೆಟಿನಲ್ಲಿ ಬಂದಿದ್ದ ವಿಲ್ಮಾಳ ಅಳಿಯ ನಿದ್ದೆಯಿಂದ ಎದ್ದು ಯಾಕೆ ಏನು ಎಂದು ತಿಳಿಯದೆ ಅವನೂ ಕೂಗಿದ. ಆಮೇಲೆ ವಿಲ್ಮಾ, ಆಮೇಲೆ ಸಾಲಿಗೆ ಸಾಲೇ. ಇಡೀ ಸ್ಟ್ಯಾಂಡು, "ಕಾಲು ಒರ್ಸ್ಕೋ! ಕಾಲು ಒರ್ಸ್ಕೋ!" ಟಿಬ್ಸ್ ನಮ್ಮ ಕಡೆ ತಿರುಗಿ ನೋಡಿದ. ಕೇಳಿಸಿತೋ ಇಲ್ಲವೋ, ಸೊಂಟದಲ್ಲಿದ್ದ ಟವೆಲ್ ತೆಗೆದು ಬೆರಳು ಬೆರಳನ್ನೂ ಒರೆಸಿಕೊಂಡ.

ಒದ್ದ.

ಸಿನಿಮಾದಲ್ಲಾದರೆ ಅಪ್ಪ ಆಗ ಮಗಳ ಮುಖ ನೋಡುತ್ತಾನೆ. ಸುಳ್ಳು ಹೇಳುವುದಿಲ್ಲ, ನಾನು ಚೆಂಡನ್ನೇ ನೋಡಿದೆ. ಅವಳೂ ಚೆಂಡನ್ನೇ ನೋಡಿದಳು, ನನ್ನ ಮಗಳಲ್ಲವೇ. ಚೆಂಡು ಎಡಕ್ಕೆ ವಾಲಿತು. ವಾಲಿತು, ವಾಲಿತು, ಅದೇ ಎಡಗಂಬಕ್ಕೆ ಢಣ್ ಎಂದು ಬಡಿಯಿತು. ನನ್ನ ಕೈಯನ್ನು ಅವಳು ಮುರಿಯುವ ಹಾಗೆ ಹಿಡಿದಳು. ನಾನೂ ಬಿಡಲಿಲ್ಲ, ಆ ಕ್ಷಣದಲ್ಲಿ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಗೊತ್ತಿಲ್ಲದೆಯೇ ಹಿಡಿದುಕೊಂಡಿದ್ದೆ, ಅದೊಂದು ನಿನಗೆ ಗೊತ್ತಿರಲಿ.

ಒಳಗೆ ಬಿತ್ತು, ಲಾಟ್ಸಿ! ಕಂಬಕ್ಕೆ ಬಡಿದು ಒಳಗೆ!

ಮುಂದೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಯಾರೋ ನನ್ನನ್ನು ಎತ್ತಿದರು. ಪಾದ್ರಿಗಳು ಅಪರಿಚಿತ ಹೆಂಗಸೊಬ್ಬಳನ್ನು ತಬ್ಬಿಕೊಂಡಿದ್ದರು. ವಿಲ್ಮಾ ಪಿರಿಯ ಎರಡೂ ಕೆನ್ನೆಗೆ ಮುತ್ತಿಟ್ಟು ಅಳುತ್ತಿದ್ದಳು. "ನಾನು ಮೊದ್ಲಿಂದ್ಲೂ ಹೇಳ್ತಿರ್ಲಿಲ್ವಾ, ಈ ಹುಡುಗಿ ಕಾಲ್ಗುಣ ಒಳ್ಳೇದು ಅಂತ!" ಎಂದು ಅವಳು ಎಲ್ಲರಿಗೂ ಸಾರುತ್ತಿದ್ದಳು. ನಾಚಿಕೆ ಅನ್ನುವುದೇ ಇಲ್ಲ ಆ ಹೆಂಗಸಿಗೆ. ಅಲ್ಲಿಗೇ ನಿಲ್ಲಲಿಲ್ಲ. ಪ್ಲೇಆಫ್ ಪಂದ್ಯಕ್ಕೂ ಪಿರಿ ಕೊನೆಯ ಗಳಿಗೆಯಲ್ಲೇ ಬರಬೇಕು, ಅದೇ ಮೆಟ್ಟಿಲಲ್ಲಿ ನಿಲ್ಲಬೇಕು, ಅದೇ ಬಿಳಿ ಬೂಟು ಹಾಕಿರಬೇಕು ಎಂದು ಅಲ್ಲೇ ನಿಂತು ತೀರ್ಮಾನ ಮಾಡಿದರು. ನಾನು ಬಾಯಿ ತೆರೆಯುವ ಮುಂಚೆ ಪಿರಿಯೇ ಹೇಳಿದಳು:

"ವಿಲ್ಮಾ ಆಂಟಿ, ನನ್ ಹತ್ರ ಇರೋದು ಕೂತ್ಕೊಳ್ಳೋ ಟಿಕೆಟ್ಟು. ಇನ್ಮೇಲೆ ಎಲ್ಲರಿಗಿಂತ ಮೊದ್ಲು ಬಂದು ಕೂತ್ಕೋತೀನಿ. ಸೋತ್ರೆ ಸೋಲ್ಲಿ."

ಮನೆಗೆ ಬಂದು ನಿನ್ನ ಶೀಷೆ ತೆರೆದೆವು. ನಿನ್ನ ಹೆಸರಿನಲ್ಲಿ ಒಂದು ಲೋಟ ಮೇಜಿನ ಮೇಲೆ ಇಟ್ಟೆ, ಅದನ್ನೂ ಅವಳೇ ಕುಡಿದಳು. ಕ್ಷಮಿಸು ಎನ್ನುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಶುರುಮಾಡಿದೆ. ಅವಳು ತಟ್ಟೆ ಮುಂದಕ್ಕೆ ತಳ್ಳಿ, "ಇನ್ನೆರಡು ಸೌಟು ಹಾಕು. ನೆಬ್ರಾಸ್ಕದ ದಾಂಡಿಗನ್ನ ಯಾರು ತಗೊಂಡ್ರು?" ಎಂದು ಕೇಳಿದಳು. ಈರಿಯವರು ಎಂದೆ. ಇಬ್ಬರೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು.

ಸೋಮವಾರ ಬೆಳಗ್ಗೆ ಹೊರಟಳು. ಕಾರು ತಿರುವು ದಾಟಿದ ಮೇಲೆ ನೋಡಿದೆ, ಗೂಟದಲ್ಲಿ ನನ್ನ ಕೋಟಿಲ್ಲ. ಹಾಕಿಕೊಂಡೇ ಹೋಗಿದ್ದಾಳೆ. ಪ್ಲೇಆಫ್ ಪಂದ್ಯದ ದಿನ ತರುತ್ತಾಳೆ. ಅಲ್ಲಿಯವರೆಗೆ ಸ್ವೆಟರಿನಲ್ಲೇ ಓಡಾಡುತ್ತಿದ್ದೇನೆ, ಚಳಿ ಕೊರೆಯುತ್ತಿದೆ.

ನಿನ್ನ ಗೆಳೆಯ, ಪಿರಿಯ ಅಪ್ಪ,
ಕಾಲ್ಮಾನ್